ತೊಗಲಿನ ಸುರುಳಿ

ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಬೆಳ್ಳಿ ಕೊಳವೆಯ ಹಿಡಿ ಸಾಲೆಹಾಳ ಕೈಯಲ್ಲಿ ಗರಕ್ಕೆಂದು ತಿರುಗಿತು. ಪಕ್ಕದ ಸೀಳಿನಿಂದ ಕಂದು ಬಣ್ಣದ ತೊಗಲು ಹೊರಗೆ ಜಾರಿತು. ಅದರ ತುಂಬ ಒತ್ತೊತ್ತಾಗಿ ಕಪ್ಪು ಅಕ್ಷರಗಳು. ಅವಳು ಓದಬಲ್ಲ ಅರಬಿಯಂತಿರಲಿಲ್ಲ. ಆದರೆ ಇಷ್ಟು ಜತನದಿಂದ ಬರೆದಿಟ್ಟದ್ದು ದೇವರ ಮಾತಲ್ಲದೆ ಇನ್ನೇನು? ಹುಳಿಗೈಯಲ್ಲಿ ಮುಟ್ಟಿಬಿಟ್ಟೆನಲ್ಲ ಎಂದುಕೊಂಡಳು. ನಮಾಜಿಗೆ ಮಾಡುವಂತೆ ಕೈಕಾಲು ಮುಖ ತೊಳೆದು ವುಳೂ ಮಾಡಿ, ತಲೆಗೆ ದುಪಟ್ಟಾ ಹೊದ್ದು, ಕೊಳವೆಯನ್ನು ಒರೆಸಿ ಕಪಾಟಿನ ಮೇಲೆ ಕುರ್‌ಆನಿನ ಪಕ್ಕದಲ್ಲಿಟ್ಟಳು.

ಗಂಡ ಅಶ್ರಫ್ ಸೌದಿಯ ಹುಫೂಫಿನ ಪೇಟೆಯಲ್ಲಿ ಕಫೀಲನ, ಅಂದರೆ ವೀಸಾ ಕೊಟ್ಟು ಕರೆಸಿಕೊಂಡ ಅರಬಿ ಧಣಿಯ, ಬೆಳ್ಳಿ ಅಂಗಡಿ ನೋಡಿಕೊಳ್ಳುತ್ತಿದ್ದ. ಕೊಂಡ ಹಳೇ ಬೆಳ್ಳಿಯನ್ನು ಮನೆಗೆ ತಂದರೆ ಬೆಳಗುವ ಕೆಲಸ ಸಾಲೆಹಾಳದು. ಮಧ್ಯಾಹ್ನ ಊಟಕ್ಕೆ ಬಂದವನು ಕಪಾಟಿನತ್ತ ನೋಡಿ ನಿಂತುಬಿಟ್ಟ.

"ಅದನ್ನು ಅಲ್ಲಿ ಎಂತಕ್ಕೆ ಇಟ್ಟದ್ದು ಮಾರಾಯ್ತಿ?"

"ಒಳಗೆ ಬರಹ ಉಂಟು. ನೋಡಿ."

ಅವನು ತೊಗಲನ್ನು ತುಸು ಎಳೆದು ನೋಡಿ, ಬೇಗನೆ ಒಳಕ್ಕೆ ಸುತ್ತಿದ. "ಇದು ಯಹೂದಿಗಳದ್ದು. ಯೆಮನ್ ಕಡೆಯ ಬೆಳ್ಳಿಯಲ್ಲಿ ಇಂಥ ಅಕ್ಷರ ನೋಡಿದ್ದೇನೆ. ಸಂಜೆ ಕಫೀಲ್ ಬೆಳ್ಳಿ ನೋಡ್ಲಿಕ್ಕೆ ಮನೆಗೆ ಬರ್ತಾನೆ. ಯಾರ ಹತ್ರ ತಗೊಂಡೆ, ಯಾಕೆ ತಗೊಂಡೆ ಅಂತ ಕೇಳಿದ್ರೆ ನಾನೆಂತ ಹೇಳುವುದು? ಇಕಾಮಾ ಹೋದ ಹಾಗೆಯೇ, ಮತ್ತೆ ಈ ದೇಶದಲ್ಲಿ ಇರ್ಲಿಕ್ಕೆ ಬಿಡುವುದಿಲ್ಲ. ಕೊಳವೆ ಇರಲಿ, ತೊಗಲು ಸುಟ್ಟುಬಿಡು."

"ಮೂಸಾ ನಬಿಗೆ ಇಳಿದ ಕಿತಾಬು ಇರಬಹುದಲ್ವಾ? ಅದೂ ಅಲ್ಲಾಹನದ್ದೇ ಅಲ್ವಾ?"

"ನಿನಗೆ ಓದ್ಲಿಕ್ಕೆ ಬರ್ತದಾ?"

"ಇಲ್ಲ."

"ನನಗೂ ಇಲ್ಲ. ಸುಡು."

ಅವನು ಅರ್ಧ ಊಟದಲ್ಲೇ ಎದ್ದು ಹೋದ. ಸಾಲೆಹಾ ಸುರುಳಿಯನ್ನು ಕೊಳವೆಯಿಂದ ಬಿಡಿಸಿ ಗ್ಯಾಸ್ ಹಚ್ಚಿದಳು. ತೊಗಲಿನ ಅಂಚು ಬಿಸಿಗೆ ಮುದುಡಿತು. ಕೈ ಮುಂದಕ್ಕೆ ಹೋಗಲಿಲ್ಲ. ಗಂಡನ ಕೆಲಸ, ಮಗಳು ಹಿಬಾಳ ಶಾಲೆ, ಈ ಎರಡು ಕೋಣೆಯ ಮನೆ, ಎಲ್ಲವೂ ಆ ಜ್ವಾಲೆಯ ಆಚೆ ನಿಂತು ತನ್ನನ್ನೇ ನೋಡುತ್ತಿರುವಂತೆ ಅನ್ನಿಸಿತು. ತವರು ಉಳ್ಳಾಲದಲ್ಲಿ ಉಮ್ಮ ಹರಿದ ಕುರ್‌ಆನಿನ ಹಾಳೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಯಾರೂ ತುಳಿಯದ ಕಡೆ ಹೂಳುತ್ತಿದ್ದಳು. ಸಾಲೆಹಾ ಗ್ಯಾಸ್ ಆರಿಸಿದಳು.

ಸಂಜೆ ಬಂದ ಕಫೀಲ್ ಫಳಫಳ ಹೊಳೆಯುವ ಕೊಳವೆಯ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅದೀಗ ಸಲೀಸಾಗಿ ತಿರುಗುತ್ತಿತ್ತು. "ಒಳಗೆ ಏನಿತ್ತು?" ಎಂದು ಅರಬಿಯಲ್ಲಿ ಕೇಳಿದ. ಪರದೆಯ ಹಿಂದೆ ಚಹಾ ಸೋಸುತ್ತಿದ್ದ ಸಾಲೆಹಾ ಕಿವಿಗೊಟ್ಟಳು.

"ಏನೂ ಇಲ್ಲ, ದೂಳು," ಎಂದ ಅಶ್ರಫ್. ಕಫೀಲ್ ಚಹಾ ಕುಡಿದು, ಕೊಳವೆ ಎತ್ತಿಕೊಂಡು ಹೊರಟ.

ಆಮೇಲೆ ಅಶ್ರಫ್ ಅಡುಗೆಮನೆಗೆ ಬಂದು ಮೂಗರಳಿಸಿದ. ಹುಣಸೆಯ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. "ಸುಟ್ಟೆಯಾ?"

ಅವಳು ಸಿಂಕಿನಲ್ಲಿದ್ದ ಲೋಟ ತೊಳೆಯುತ್ತಲೇ ಇದ್ದಳು.

ಅವನು ನೀರಿನ ಚೊಂಬು ಹಿಡಿದು ಟೆರೇಸಿಗೆ ಹತ್ತಿದ. ಮನೆಯಲ್ಲಿ ಮಣ್ಣಿರುವುದು ಅಲ್ಲಿನ ಕರಿಬೇವಿನ ಡ್ರಮ್ಮಿನಲ್ಲಿ ಮಾತ್ರ; ದಿನವೂ ಅದಕ್ಕೆ ನೀರು ಹಾಕುವವಳು ಅವಳು. ಸಾಲೆಹಾ ಒದ್ದೆ ಕೈಯಲ್ಲೇ ಹಿಂದೆ ಓಡಿದಳು. ನೀಲಿ ಡ್ರಮ್ಮಿನ ನಡುವೆ, ಗಿಡದ ಬುಡದಲ್ಲಿ, ಹೊಸದಾಗಿ ಕೆದಕಿದ ಮಣ್ಣು ಗುಪ್ಪೆಯಾಗಿತ್ತು. ಅಶ್ರಫ್ ಅದನ್ನು ನೋಡಿದ. ಆಮೇಲೆ ಚಪ್ಪಲಿ ಕಳಚಿ ಕುಕ್ಕುರುಗಾಲಲ್ಲಿ ಕೂತು, ನಡುವಿನ ಮಣ್ಣು ನೆನೆಯದ ಹಾಗೆ, ಡ್ರಮ್ಮಿನ ಅಂಚಿಗೆ ತೆಳ್ಳಗೆ ನೀರು ಬಿಡತೊಡಗಿದ.