ಅರೆಯಬಾರದ ಮಾತ್ರೆ

ಸೋಲೋ ಪಟ್ಟಣದ ನಮ್ಮ ಓಣಿಯಲ್ಲಿ ಹತ್ತು ವರ್ಷದೊಳಗಿನ ಮಕ್ಕಳಿಗೆ ಇಡೀ ಮಾತ್ರೆ ಕೊಡುವ ಪದ್ಧತಿಯೇ ಇಲ್ಲ. ಔಷಧಿ ಅಂಗಡಿಯಲ್ಲಿ ಅದನ್ನು ಪಿಂಗಾಣಿ ಕುಟ್ಟಾಣಿಯಲ್ಲಿ ಅರೆದು, ಹೊತ್ತಿಗೊಂದರಂತೆ ಕಾಗದದಲ್ಲಿ ಮಡಿಸಿ ಕೊಡಬೇಕು. ಪುಯೆರ್ ಅನ್ನುತ್ತೇವೆ. ಮೂವತ್ತೊಂದು ವರ್ಷದಿಂದ ಅರೆಯುತ್ತಿದ್ದವಳು ನಾನು, ಮುರ್ತಿನಿ; ಕಿರಿಯರ ಬಾಯಲ್ಲಿ ‘ಬು’, ಅಂದರೆ ಅಮ್ಮ. ನನ್ನ ಪುಡಿಯ ನುಣುಪು ಇನ್ನೊಬ್ಬರಿಗೆ ಬರಲಿ ನೋಡೋಣ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಅಹಂಕಾರ ಅಂದರೆ ಅದೇ.

ನೆರೆಮನೆಯ ಕಾಸಿನೆಮ್ ಅಜ್ಜಿಯ ಮೊಮ್ಮಗಳು ಲಾರಸ್‌ಗೆ ಒಂಬತ್ತು ವರ್ಷ. ಶ್ವಾಸಕೋಶದೊಳಗೆ ಬೂಷ್ಟು ಬೆಳೆದಿತ್ತು. ಅದಕ್ಕಿದ್ದ ಚುಚ್ಚುಮದ್ದು ಕಿಡ್ನಿಯನ್ನೇ ತಿನ್ನತೊಡಗಿದಾಗ, ಆಸ್ಪತ್ರೆಯ ಡಾಕ್ಟರ್ ಹಪ್ಸಾರಿ ಅವಳನ್ನು ಹೊಸ ಮಾತ್ರೆಯ ಪ್ರಯೋಗಕ್ಕೆ ಸೇರಿಸಿಕೊಂಡರು. ಅದೇ ಮದ್ದು, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳಲ್ಲಿ ಅಡಗಿಸಿ ಮಾತ್ರೆಯಾಗಿ ಒತ್ತಿದ್ದರು. ಇದೂ ಹಿಡಿಯದಿದ್ದರೆ ಆ ಮಗುವಿಗೆ ಬೇರೆ ದಾರಿಯಿರಲಿಲ್ಲ.

ಅಜ್ಜಿ ಮಾತ್ರೆಗಳಿದ್ದ ಬೆಳ್ಳಿ ಹಾಳೆಯ ಪಟ್ಟಿಯನ್ನು ನೇರವಾಗಿ ನನ್ನ ಬಳಿಗೇ ತಂದಳು.

“ಮುರ್ತಿನಿ, ಇದನ್ನ ಚೂರು ಅರೆದು ಕೊಡೇ. ಮಗು ಗಂಟ್ಲಲ್ಲಿ ಸಿಕ್ಕೊಂಡ್ರೆ ಏನ್ ಗತಿ?”

“ನರ್ಸಮ್ಮ ಏನಂದ್ರು?”

“ಏನೇನೋ ಅಂದ್ರು. ನಾನು ಹೂಂ ಹೂಂ ಅಂತ ತಲೆ ಆಡಿಸ್ದೆ.”

ಜೊತೆಗಿದ್ದ ಚೀಟಿಯಲ್ಲಿ ದಪ್ಪಕ್ಷರದಲ್ಲೇ ಇತ್ತು: ಅರೆಯಬಾರದು, ಮುರಿಯಬಾರದು. ಓದಿದೆ. ಎಲ್ಲ ಕಂಪನಿಯವರೂ ಹೀಗೇ ಬರೆಯುತ್ತಾರೆ, ನಮ್ಮ ಮಕ್ಕಳ ಗಂಟಲು ಇವರಿಗೇನು ಗೊತ್ತು ಎಂದುಕೊಂಡೆ. ಅಂಗಡಿಯ ಯಜಮಾನಿಗೂ ತೋರಿಸಲಿಲ್ಲ. ವಾರಕ್ಕೆ ಹದಿನಾಲ್ಕು ಪೊಟ್ಟಣದಂತೆ ಆರು ವಾರ ಅರೆದೆ.

ಏಳನೆಯ ವಾರ ಅಜ್ಜಿ ಮೊಮ್ಮಗಳೊಂದಿಗೆ ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದಳು. ಲಾರಸ್ ಬೆಂಚಿನ ಮೇಲೆ ಕುಸಿದು ಕೂತು ಏದುಸಿರು ಬಿಡುತ್ತಿದ್ದಳು.

“ರಕ್ತದಲ್ಲಿ ಮದ್ದಿನ ಸುಳಿವೇ ಇಲ್ವಂತೆ ಕಣೇ! ನೀವೇ ಎಲ್ಲೋ ಎಸೀತಿದ್ದೀರಿ ಅಂತಾರೆ. ನಾನು ಎಸೀತೀನಾ? ನನ್ನ ಮೊಮ್ಮಗಳ ಮದ್ದು ನಾನು ಎಸೀತೀನಾ? ಇನ್ನು ಮೇಲೆ ನಮಗೆ ಮಾತ್ರೆ ಇಲ್ವಂತೆ.” ಅಜ್ಜಿ ಕಣ್ಣೊರೆಸಿಕೊಂಡು, ಉಳಿದಿದ್ದ ಪಟ್ಟಿಯನ್ನು ನನ್ನ ಮುಂದಿಟ್ಟಳು. “ಇಷ್ಟಿದೆ. ಈ ಸಲ ಇನ್ನೂ ನುಣ್ಣಗೆ ಅರಿ, ನನ್ನವ್ವ. ಆಗಲಾದ್ರೂ ಮೈಗೆ ಹತ್ತುತ್ತೇನೋ.”

ಚೀಟಿಯ ಆ ದಪ್ಪಕ್ಷರ ನೆನಪಾಯಿತು. ಆಗಲೂ ಆಕೆಗೆ ನನ್ನ ಮೇಲೆ ಎಳ್ಳಷ್ಟು ಅನುಮಾನ ಬಂದಿರಲಿಲ್ಲ. ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತಿತ್ತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಬೆಂಚಿನ ಕಡೆ ನೋಡಿದೆ. ಪಟ್ಟಿ ಎತ್ತಿಕೊಂಡು ಇಬ್ಬರನ್ನೂ ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ.

“ಅಜ್ಜಿ ಒಂದು ಮಾತ್ರೆನೂ ಎಸೆದಿಲ್ಲ, ಡಾಕ್ಟ್ರೇ. ನಾನೇ ಅರೆದುಕೊಟ್ಟೆ,” ಎಂದೆ.

“ಚೀಟಿ ಓದ್ಲಿಲ್ವಾ?”

“ಓದಿದ್ದೆ.”

ಡಾಕ್ಟರ್ ಹಪ್ಸಾರಿ ನನ್ನ ಕೈಯಲ್ಲಿದ್ದ ಪಟ್ಟಿ ತೆಗೆದುಕೊಂಡು ಉಳಿದ ಮಾತ್ರೆಗಳನ್ನು ಎಣಿಸಿದರು.

“ಬು ಮುರ್ತಿನಿ, ನೀವು ಜನ್ಮವಿಡೀ ಅರೆದ್ರೂ ಆ ಕಣಗಳಷ್ಟು ಸಣ್ಣಗಾಗಲ್ಲ. ಮಾತ್ರೆ ಮೇಲಿನ ಲೇಪ ಅವನ್ನ ಹೊಟ್ಟೆಯ ಹುಳಿಯಿಂದ ಕಾಪಾಡಿ ಕರುಳಿಗೆ ಮುಟ್ಟಿಸ್ಬೇಕಿತ್ತು. ನೀವು ಅದನ್ನೇ ಪುಡಿ ಮಾಡಿಬಿಟ್ರಿ.” ಆಮೇಲೆ ಅಜ್ಜಿಯತ್ತ ತಿರುಗಿದರು. “ತಪ್ಪಾಯ್ತಮ್ಮ, ನಿಮ್ಮನ್ನ ಅನ್ನಬಾರದಿತ್ತು. ಇವತ್ತಿಂದ್ಲೇ ಮತ್ತೆ ಶುರು ಮಾಡೋಣ. ಆದ್ರೆ ಬೂಷ್ಟು ಎಡಗಡೆ ಶ್ವಾಸಕೋಶಕ್ಕೆ ಪೂರ್ತಿ ಹಬ್ಬಿಬಿಟ್ಟಿದೆ. ಏನಾಗುತ್ತೋ ಹೇಳೋಕಾಗಲ್ಲ.”

ಅಜ್ಜಿ ನನ್ನ ಮುಖ ನೋಡಲಿಲ್ಲ.

ನರ್ಸಮ್ಮ ಮಾತ್ರೆ, ನೀರು ತಂದಳು. ಎಲ್ಲಿ ಸಿಕ್ಕಿಕೊಳ್ಳುತ್ತದೋ ಎಂದು ಅಜ್ಜಿ ಬೆನ್ನು ಸವರುತ್ತ ಕೂತಳು. ಲಾರಸ್ ಮಾತ್ರೆಯನ್ನು ನಾಲಗೆಯ ಮೇಲಿಟ್ಟುಕೊಂಡು ಒಂದೇ ಗುಟುಕಿಗೆ ನುಂಗಿ, ಬಾಯಿ ತೆರೆದು ತೋರಿಸಿದಳು.

“ನಿಂಗೆ ನುಂಗೋಕೆ ಬರುತ್ತಾ, ಪುಟ್ಟಿ?” ನಾನು ಕೇಳಿದೆ.

“ಬರುತ್ತೆ, ಬು. ನಿಮ್ಮ ಪುಡಿ ತುಂಬಾ ಕಹಿ ಇತ್ತು. ಅಜ್ಜಿ ಅಳ್ತಾಳೆ ಅಂತ ಕುಡೀತಿದ್ದೆ.”

ಆರು ವಾರದಲ್ಲಿ ನಾವಿಬ್ಬರೂ ಆ ಮಗುವನ್ನು ಒಂದು ಸಲವೂ ಕೇಳಿರಲಿಲ್ಲ.