ಬಾಗಿಲ ಹಲಗೆ

"ಇದೇನಮ್ಮ, ಸೌದೆ ಹೊತ್ಕೊಂಡು ಬಂದಿದ್ದೀರಾ?" ಎಂದಳು ಮೇಜಿನಾಚೆಯ ಅಧಿಕಾರಿ.

ಅತ್ತಿಗೆ ಟವೆಲ್ಲಿನ ಗಂಟು ಬಿಚ್ಚಿ ಹಲಗೆಯ ತುಂಡನ್ನು ಮೇಜಿನ ಮೇಲಿಟ್ಟಳು. ಮೊಳದುದ್ದ, ಒಂದು ಅಂಚು ಸುಟ್ಟು ಕರಿಕಲು, ನಡುವೆ ಎರಡು ಗೀಟು ಅಡ್ಡಡ್ಡ ದಾಟಿದ ಕೆಂಪು ಬಣ್ಣದ ಕತ್ತರಿ ಗುರುತು. ಪಕ್ಕದಲ್ಲಿದ್ದ ಮೈದುನ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದ. ಊರಿನಲ್ಲಿ ಅಂಗಡಿ ಬೋರ್ಡು ಬರೆಯುತ್ತಿದ್ದ ಅವನನ್ನು ಗಡಿಯಾಚೆಯ ಈ ನಿರಾಶ್ರಿತರ ಶಿಬಿರದಲ್ಲೂ ಪೇಂಟರ್ ಎಂದೇ ಕರೆಯುತ್ತಿದ್ದರು. ಎರಡು ವರ್ಷ ಒಂದೇ ಡೇರೆಯಲ್ಲಿದ್ದೂ ಆ ಗಂಟಿನಲ್ಲೇನಿದೆ ಎಂದು ಅವನು ಕೇಳಿರಲಿಲ್ಲ.

"ನಮ್ಮನೆ ಬಾಗಿಲು ಮೇಡಂ, ಊರು ಬಿಡೋ ಮುಂಚೆ ಮನೆ ಸುಟ್ಟ ಬೂದೀಲಿ ಹುಡುಕಿ ತಂದಿದ್ದು. ನಮ್ಮ ಜನದ ಮನೆಗಳಿಗೆ ಮಾತ್ರ ಈ ಗುರುತು. ಬೆಳಗ್ಗೆ ಗುರುತು, ಮಧ್ಯಾಹ್ನ ಕೊಡಲಿ. ನಮ್ಮೆಜಮಾನ್ರು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ರು. ಕೊಡಲಿ ಹಲಗೆ ಸೀಳ್ಕೊಂಡು ಬೆನ್ನಿಗೇ ಬಂತು. ಕಿತ್ತು ಮತ್ತೆ ಹೊಡೆದ್ರು. ಕಾಲು ಹಿಡಿದು ಬೀದಿಗೆ ಎಳೆದು, ಜೀವ ಇದ್ದ ಹಾಗೇ ಸೀಮೆಎಣ್ಣೆ ಸುರಿದ್ರು. ಉರೀತಾ ಉರೀತಾ ನನ್ನ ಹೆಸರು ಕೂಗಿದ್ರು." ಅವಳು ಮೈದುನನ ತೋಳು ಹಿಡಿದಳು. "ಇವನು ಹಿತ್ತಲ ಗೋಡೆ ಹಾರಿ ಬಂದು ನನ್ನನ್ನ ಎಳ್ಕೊಂಡು ಹೋಗ್ದೇ ಇದ್ದಿದ್ರೆ ನಾನೂ ಅಲ್ಲೇ ಬೂದಿ. ದೇವರಂಥ ಹುಡುಗ."

ಪೇಂಟರನಿಗೆ ಕಪಾಳಕ್ಕೆ ಬಾರಿಸಿದಂತಾಯಿತು.

"ಬೇಜಾರು ಮಾಡ್ಕೋಬೇಡಿ," ಎಂದಳು ಅಧಿಕಾರಿ. "ಲೂಟಿಗೆ ಬಂದವರು ಕೊಂದ್ರು ಅಂತ ನಿಮ್ಮ ಸರ್ಕಾರ ಹೇಳುತ್ತೆ. ಇಂಥ ಜನಾಂಗದವರು ಅಂತ ಆರಿಸಿ ಕೊಂದಿದ್ರೆ ಮಾತ್ರ ಬೇರೆ ದೇಶದಲ್ಲಿ ನಿಮಗೆ ನೆಲೆ. ಈ ಗುರುತು ಹಾಕಿದ್ದನ್ನ ಕಣ್ಣಾರೆ ಕಂಡವರಿದ್ದಾರಾ? ಇಲ್ದಿದ್ರೆ ಅರ್ಜಿ ಇಲ್ಲಿಗೇ ನಿಲ್ಲುತ್ತೆ. ವಾಪಸ್ ಕಳಿಸ್ತಾರೆ."

"ವಾಪಸ್ಸಾ? ಅವರ ಕೈಗೇನಾ?" ಅತ್ತಿಗೆ ಹಲಗೆಯನ್ನು ಅಧಿಕಾರಿಯತ್ತ ಇನ್ನಷ್ಟು ತಳ್ಳಿದಳು.

ಪೇಂಟರನಿಗೆ ಇನ್ನೊಂದು ನಿಯಮವೂ ಗೊತ್ತಿತ್ತು. ಕೊಂದವರಿಗೆ ನೆರವಾದವರಿಗೆ ನೆಲೆಯಿಲ್ಲ ಎಂದು ಮೊದಲ ದಿನವೇ ಓದಿ ಹೇಳಿದ್ದರು. ಅವನು ಹಲಗೆಯನ್ನೇ ನೋಡಿದ. ಬೋರ್ಡಿನ ಅಕ್ಷರಗಳಿಗೆ ಮಾಡುವಂತೆಯೇ ಗೀಟುಗಳ ನಾಲ್ಕೂ ತುದಿಗಳನ್ನು ಬ್ರಶ್ಶು ಅಡ್ಡ ತಿರುಗಿಸಿ ನೀಟಾಗಿ ಚೌಕ ಮಾಡಿತ್ತು. ಹಾಳಾದ ಕೈ! ಕುತ್ತಿಗೆಯ ಮೇಲೆ ಮಚ್ಚಿದ್ದಾಗಲೂ ಕಸುಬು ಬಿಡಲಿಲ್ಲವಲ್ಲ!

"ನಾನು ಕಂಡೆ ಮೇಡಂ."

"ಯಾರು ಹಾಕಿದ್ರು?"

ಅವನು ಮೇಜಿನ ಮೇಲಿದ್ದ ದಪ್ಪ ಮಾರ್ಕರ್ ತೆಗೆದುಕೊಂಡು ಕಾಗದದ ಮೇಲೆ ಎರಡು ಗೀಟು ಎಳೆದ. ಆಮೇಲೆ ಒಂದೊಂದೇ ತುದಿಯನ್ನು ಚೌಕ ಮಾಡಿದ. ಅಧಿಕಾರಿ ಕಾಗದವನ್ನು ನೋಡಿದಳು, ಹಲಗೆಯನ್ನು ನೋಡಿದಳು.

"ಕುತ್ತಿಗೆ ಮೇಲೆ ಮಚ್ಚಿಟ್ಟು, ನಿಮ್ಮೋರ ಮನೆ ಯಾವ್ಯಾವುದು ತೋರಿಸು, ಗುರುತು ಹಾಕು ಅಂದ್ರು. ಹನ್ನೆರಡು ಮನೆ. ಒಂದನ್ನ ಬಿಡಬಹುದು ಅಂದ್ರು."

ಅತ್ತಿಗೆ ಅವನತ್ತ ತಿರುಗಿ ಕೇಳಿದಳು.

"ಯಾವುದನ್ನ ಬಿಟ್ಟೆ?"

"ನಂದು."

"ಆ ಮನೇಲಿ ನೀನೊಬ್ಬನೇ ತಾನೇ ಇದ್ದಿದ್ದು?"

ಅವನು ಮಾರ್ಕರಿಗೆ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ.

ಅಧಿಕಾರಿ ಇಬ್ಬರ ಹೆಸರಿದ್ದ ಫೈಲಿನ ದಾರ ಬಿಚ್ಚಿ, ಹಾಳೆಗಳನ್ನು ಅತ್ತಿಗೆಯದು ಬೇರೆ, ಅವನದು ಬೇರೆ ಎಂದು ಎರಡು ಕಟ್ಟು ಮಾಡತೊಡಗಿದಳು. ಅತ್ತಿಗೆ ಹಲಗೆಯನ್ನು ಮಡಿಲಿಗೆ ಎಳೆದುಕೊಂಡಳು. ಹೆಬ್ಬೆರಳಿಗೆ ಉಗುಳು ಹಚ್ಚಿ ಗುರುತಿನ ಒಂದು ತುದಿಯನ್ನು ಉಜ್ಜಿದಳು, ಮತ್ತೆ ಉಜ್ಜಿದಳು. ಬಣ್ಣ ಬಿಡಲಿಲ್ಲ.