ಒಂದು ಗೇಣು ಸಡಿಲ

ಸ್ವಾಮಿ, ನಿಮ್ಮದು ಎಷ್ಟೇ ಗಟ್ಟಿ ಗುಂಡಿಗೆಯಾಗಿರಲಿ, ಒಂದೂವರೆ ನಿಮಿಷದಲ್ಲಿ ನಿಮ್ಮ ಬಾಯಲ್ಲಿ "ಅಮ್ಮಾ" ಅನ್ನಿಸುವ ಗಂಡು ಒಬ್ಬನಿದ್ದಾನೆ. ಪೈಲ್ವಾನರು ಅವನ ಮುಂದೆ ಕಣ್ಣು ಮುಚ್ಚಿಕೊಂಡಿದ್ದಾರೆ. ಜಗಳವಾಡುತ್ತ ಹತ್ತಿದ ಗಂಡ ಹೆಂಡತಿ ತಬ್ಬಿಕೊಂಡು ಇಳಿದಿದ್ದಾರೆ. ರೋಲರ್ ಕೋಸ್ಟರನ್ನು ಬೇರೆಯವರು ಬರೀ ಓಡಿಸುತ್ತಾರೆ, ಅವನು ಪಿಕ್ಚರ್ ತೋರಿಸುತ್ತಾನೆ!

ಪಾರ್ಕಿನಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಡೈಲಾಗ್ ಎಂದೇ. ಜನ ಕೂತ ಮೇಲೆ ಮಡಿಲಿಗೆ ಇಳಿಯುವ ಅಡ್ಡಕಂಬಿಯನ್ನು ಒತ್ತಿ, ಎಳೆದು ನೋಡಿ, ಕಾಲರ್ ಮೇಲೆತ್ತಿ ಹೇಳುತ್ತಿದ್ದ: "ಈ ಕಂಬಿ ದಾಟಿ ಯಮ ಒಳಗೆ ಬರ್ಬೇಕಂದ್ರೂ ಮೊದ್ಲು ನನ್ನ ಹತ್ರ ಟಿಕೆಟ್ ತಗೋಬೇಕು!" ಕ್ಯೂನಲ್ಲಿದ್ದವರು ಶಿಳ್ಳೆ ಹೊಡೆಯುತ್ತಿದ್ದರು. ಆ ಶಿಳ್ಳೆ ಇಲ್ಲದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಕೆಲಸ ಕಲಿಸಿದವರು ಮೇಸ್ತ್ರಿ. ಆ ಯಂತ್ರದ ಒಂದೊಂದು ಬೋಲ್ಟನ್ನೂ ಇಪ್ಪತ್ತು ವರ್ಷದಿಂದ ಬಲ್ಲವರು. ಮೊದಲ ದಿನವೇ ಹೇಳಿದ್ದರು: "ನೋಡೋ, ಇಬ್ರಿಗೆ ಒಂದೇ ಕಂಬಿ. ಅದಕ್ಕೆ ಹೊಟ್ಟೆ ನೋಡಿ ಜೋಡಿ ಮಾಡ್ಬೇಕು. ದಪ್ಪನೋರ ಪಕ್ಕ ಸಣ್ಣೋರನ್ನ ಕೂರಿಸಿದ್ರೆ ಕಂಬಿ ದಪ್ಪನೋರ ಹೊಟ್ಟೆ ಮೇಲೇ ನಿಂತ್ಬಿಡತ್ತೆ. ಪಕ್ಕದೋರಿಗೆ ದೇವ್ರೇ ದಿಕ್ಕು."

ಒಂದು ಭಾನುವಾರ ಡೈಲಾಗನ ಅಕ್ಕ, ಭಾವ, ಅವರ ಒಂಬತ್ತು ವರ್ಷದ ಮಗಳು ಪಾರ್ಕಿಗೆ ಬಂದರು. ಮಗುವಿನ ತೋಳು ಪೆನ್ಸಿಲ್ಲಿನಷ್ಟು. ಮನೆಯಲ್ಲಿ ಅವಳನ್ನು ಕರೆಯುವುದೇ ಕಡ್ಡಿ ಎಂದು. ಭಾವ ಟೈಲರ್. ಟೇಪು ಹಿಡಿಯದೆ ಕಣ್ಣಲ್ಲೇ ಅಳತೆ ಹೇಳಬಲ್ಲ ಮನುಷ್ಯ, ಆದರೆ ಸ್ವಂತ ಹೊಟ್ಟೆಯ ಅಳತೆ ಮಾತ್ರ ಕೈಮೀರಿ ಹೋಗಿತ್ತು. ಮೇಲಾಗಿ ಏಣಿ ಹತ್ತಲೂ ಹೆದರುವವರು.

"ನಾನು ಕೆಳಗೇ ನಿಂತು ಟಾಟಾ ಮಾಡ್ತೀನಪ್ಪ," ಎಂದರು ಭಾವ.

"ಏನ್ ಭಾವ, ಮಗಳ ಮುಂದೆ ಹೀರೋನೇ ಓಡೋದ್ರೆ ಪಿಕ್ಚರ್ ಓಡತ್ತಾ?"

"ಅಪ್ಪಾ, ಬಾ! ಹೆದ್ರುಪುಕ್ಕಲ ಅಪ್ಪಾ!" ಎಂದಳು ಕಡ್ಡಿ.

ಮಗಳ ಪಕ್ಕದಲ್ಲೇ ಭಾವ ಬಾಯಿ ಬಾಯಿ ಬಡಿದುಕೊಳ್ಳುವುದನ್ನು ನೋಡಬೇಕು, ವರ್ಷಪೂರ್ತಿ ಹೇಳಿ ಹೇಳಿ ಕಾಡಿಸಬೇಕು. ಡೈಲಾಗನ ತಲೆಯಲ್ಲಿದ್ದದ್ದು ಅಷ್ಟೇ. ಇಬ್ಬರನ್ನೂ ಮೊದಲ ಸಾಲಿನಲ್ಲಿ ಒಟ್ಟಿಗೆ ಕೂರಿಸಿದ. ಕಂಬಿ ಇಳಿಸಿದ. ಭಾವ ಏನೋ ಹೇಳಿದರು. ಅವನು ಯಮನ ಡೈಲಾಗ್ ಹೊಡೆದ, ಶಿಳ್ಳೆ ಬಿತ್ತು, ಹೆಬ್ಬೆರಳೆತ್ತಿ ತೋರಿಸಿದ. ಗಾಡಿ ಹೊರಟಿತು.

ಎರಡನೆಯ ದಿಬ್ಬದ ನೆತ್ತಿಯಲ್ಲಿ ಕಡ್ಡಿ ಸೀಟು ಬಿಟ್ಟು ಮೇಲೆದ್ದಳು. ಕೆಳಗೆ ನಿಂತಿದ್ದ ಅವನಿಗೆ ಅವಳ ಹಳದಿ ಫ್ರಾಕು ಪೂರ್ತಿ ಕಂಡಿತು. ಕೂತಿರುವ ಮಗುವಿನ ಫ್ರಾಕು ಹಾಗೆ ಪೂರ್ತಿ ಕಾಣಬಾರದು. ಭಾವ ಎಡಗೈಯನ್ನು ಅಡ್ಡ ಹಾಕಿ ಅವಳನ್ನು ಎದೆಗೆ ಅವುಚಿಕೊಂಡರು. ಗಾಡಿ ನಿಂತಾಗ ಕಂಬಿಗೆ ಬಡಿದು ಮಗುವಿನ ಗದ್ದ ಸೀಳಿತ್ತು. ಭಾವನ ಕೈ ಭುಜದಿಂದ ಜೋತುಬಿದ್ದಿತ್ತು. ಅವರು ಒಂದು ಸಲವೂ ಕಿರುಚಿರಲಿಲ್ಲ.

ಅಕ್ಕ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಓಡಿದಳು. ಊಟಕ್ಕೆ ಹೋಗಿದ್ದ ಮೇಸ್ತ್ರಿ, ಮ್ಯಾನೇಜರ್ ಮೇಡಂ ಬಂದು ಸೇರುವ ಹೊತ್ತಿಗೆ ಅಲ್ಲಿ ಖಾಲಿ ಗಾಡಿಯಿತ್ತು ಅಷ್ಟೇ.

"ಮಗು ಪಕ್ಕ ಯಾರಿದ್ರೋ?" ಎಂದರು ಮೇಸ್ತ್ರಿ.

"ನಮ್ಮಕ್ಕ. ಅವಳೂ ಸಣ್ಣ. ಕಂಬಿ ಗಟ್ಟಿಯಾಗೇ ಇತ್ತು, ಮಧ್ಯದಲ್ಲಿ ಬಿಟ್ಕೊಂಡಿರ್ಬೇಕು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ಗಾಬರಿಯಾಯಿತು.

ಸಂಜೆ ಅಕ್ಕನ ಮನೆಗೆ ಹೋದ. ಕಡ್ಡಿಯ ಗದ್ದಕ್ಕೆ ಐದು ಹೊಲಿಗೆ. "ಮಾಮಾ, ನಮ್ಮಪ್ಪ ಆಗಿದ್ರೆ ಕಾಣದ ಹಾಗೆ ಹೊಲೀತಿದ್ರು," ಎಂದಳು, ತುಟಿ ಅಲುಗಿಸದೆ. ಭಾವನ ಕೈ ಪಟ್ಟಿಯಲ್ಲಿ ತೂಗುತ್ತಿತ್ತು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಕೋಟು ಸೂಜಿಯ ಕೆಳಗೆ ಹಾಗೇ ಇತ್ತು.

"ಮುಖ ಯಾಕೋ ಹಾಗೆ ಮಾಡ್ಕೊಂಡಿದ್ದೀಯ?" ಎಂದರು ಭಾವ. "ನಾನು ಹೇಳ್ದೆ, ಆ ಗಲಾಟೇಲಿ ನಿಂಗೆ ಕೇಳಿಸ್ಲಿಲ್ಲ. ಏನ್ ಮಾಡಕ್ಕಾಗತ್ತೆ? ಯಾರಿಗೂ ಏನೂ ಹೇಳಕ್ಕೆ ಹೋಗ್ಬೇಡ, ಕೆಲ್ಸ ಹೋಗತ್ತೆ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅಕ್ಕ ತಟ್ಟೆ ಹಾಕಿದಳು. ಒಂದು ತುತ್ತೂ ತಿನ್ನದೆ ಎದ್ದುಬಿಟ್ಟ.

ಮರುದಿನ ಬೆಳಿಗ್ಗೆ ಮೇಸ್ತ್ರಿ ಮೊದಲ ಸಾಲಿನ ಕಂಬಿಯನ್ನು ಬಿಚ್ಚಿ ಹಾಸಿದ ಬಟ್ಟೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಂಬಿಯನ್ನು ಹಿಡಿದು ನಿಲ್ಲಿಸುವ ಹಲ್ಲುಚಕ್ರವನ್ನು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು, ಒಂದೊಂದು ಹಲ್ಲಿನ ಮೇಲೂ ಉಗುರಾಡಿಸಿದರು.

"ಎಲ್ಲಾ ಸರಿಯಾಗೇ ಇದೆ ಕಣೋ. ಅಂದ್ರೆ ಸರಿ ಇಲ್ದೇ ಇರೋದು ನನ್ನ ಕಣ್ಣು." ಅವರ ದನಿ ಸಣ್ಣದಾಗಿತ್ತು. "ಮೇಡಂಗೆ ಬರ್ಕೊಡ್ತೀನಿ, ನೆನ್ನೆ ಬೆಳಿಗ್ಗೆ ನಾನೇ ಸರಿಯಾಗಿ ನೋಡ್ಲಿಲ್ಲ ಅಂತ. ಇನ್ಮೇಲೆ ಮಕ್ಕಳ ಜೀವ ಈ ಕೈಲಿ ಇರ್ಬಾರ್ದು. ಪೆನ್ ಕೊಡು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕದಿಯದವನೇ ಹೆಗಲು ಮುಟ್ಟಿಕೊಳ್ಳುತ್ತಿದ್ದ. ಕದ್ದವನು ಜೇಬಿನ ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದ. ಯಾವುದಾದರೂ ಡೈಲಾಗ್ ನೆನಪಾಗಲಿ ಎಂದು ಕಾದ. ಒಂದೂ ಬರಲಿಲ್ಲ.

"ಬರೀಬೇಡಿ ಮೇಸ್ತ್ರಿ. ಪಕ್ಕ ಕೂತಿದ್ದು ಅಕ್ಕ ಅಲ್ಲ, ಭಾವ."

ಮೇಸ್ತ್ರಿ ತಲೆ ಎತ್ತಿದರು. "ಆ ಟೈಲರಾ?"

"ಹ್ಞೂಂ. ಗೊತ್ತಿದ್ದೇ ಕೂರಿಸ್ದೆ. ಅವ್ರು ಹೆದರೋದು ನೋಡ್ಬೇಕಿತ್ತು."

"ಎಳೆದು ನೋಡ್ದೆ ತಾನೆ?"

"ಭಾವನ ಕಡೆ ಎಳೆದೆ. ಅಲ್ಲಿ ಗಟ್ಟಿಯಾಗಿತ್ತು. ಮಗು ಕಡೆ ಕೈಯೇ ಹಾಕ್ಲಿಲ್ಲ."

ಇಲ್ಲಿಗೇ ನಿಲ್ಲಿಸಬಹುದಿತ್ತು; ಉಳಿದದ್ದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಭಾವನಿಗೂ.

"ಭಾವ ಹೇಳಿದ್ರು ಮೇಸ್ತ್ರಿ, 'ಲೋ, ಮಗೂಗೆ ಒಂದು ಗೇಣು ಸಡಿಲ ಇದೆ ಕಣೋ' ಅಂತ. ಗಲಾಟೇಲಿ ನಂಗೆ ಕೇಳಿಸ್ಲಿಲ್ಲ ಅಂದ್ಕೊಂಡಿದ್ದಾರೆ." ಅವನು ಜೇಬಿನಿಂದ ಕೈ ತೆಗೆದ. "ಕೇಳಿಸ್ತು. ಎರಡು ಸಲ ಹೇಳಿದ್ರು, ಎರಡು ಸಲಾನೂ ಕೇಳಿಸ್ತು. ಜನ ಶಿಳ್ಳೆ ಹೊಡೀತಿದ್ರು, ನಾನು ಹೆಬ್ಬೆರಳು ತೋರಿಸ್ಬಿಟ್ಟೆ."